ಬಾಟಲಿಯಲ್ಲಿ ಸಮುದ್ರ, ತೇಲುವ ಪಾರಿವಾಳದ ಹೆಣ: ಡಾರ್ವಿನ್ ಮನೆಯಲ್ಲಿ ನಡೆದದ್ದು

1855ರ ವಸಂತ. ಲಂಡನ್ನಿನಿಂದ ಹದಿನೈದು ಹದಿನಾರು ಮೈಲಿ ದೂರದ ಡೌನ್ ಎಂಬ ಹಳ್ಳಿ. ಅಲ್ಲಿನ ಒಂದು ಮನೆಯ ತೋಟದ ನೆರಳಿನಲ್ಲಿ ಪುಟ್ಟ ಪುಟ್ಟ ಬಾಟಲಿಗಳ ಸಾಲು. ಒಂದೊಂದರಲ್ಲೂ ಅರ್ಧ ಲೋಟವೂ ತುಂಬದಷ್ಟು ಉಪ್ಪುನೀರು, ಅದರ ತಳದಲ್ಲಿ ಒಂದಿಷ್ಟು ಬೀಜ. ಮೂಲಂಗಿ, ಎಲೆಕೋಸು, ಈರುಳ್ಳಿ, ಕ್ಯಾರೆಟ್, ಲೆಟಿಸ್, ಆಳ್ವಿ. ಮೂಲಂಗಿ ಮತ್ತು ಎಲೆಕೋಸಿನ ಬಾಟಲಿಗಳ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು, ಅಂಥ ನಾತ. ಆಳ್ವಿ ಬೀಜಗಳು ಲೋಳೆ ಬಿಟ್ಟುಕೊಂಡು ಒಂದಕ್ಕೊಂದು ಅಂಟಿ ಮುದ್ದೆಯಾಗಿವೆ. ಕೆಲವು ದಿನಕ್ಕೊಮ್ಮೆ ಮನೆಯ ಯಜಮಾನ ಬಂದು ಒಂದಿಷ್ಟು ಬೀಜ ಎತ್ತಿ ಮಣ್ಣಿಗೆ ಹಾಕಿ, ಮೊಳೆಯುತ್ತವೋ ಇಲ್ಲವೋ ಎಂದು ಕಾಯುತ್ತಾನೆ.

ಯಜಮಾನನ ಹೆಸರು ಚಾರ್ಲ್ಸ್ ಡಾರ್ವಿನ್. ವಯಸ್ಸು 46. ಬೀಗಲ್ ಹಡಗಿನಲ್ಲಿ ಲೋಕ ಸುತ್ತಿ ಬಂದು ಆಗಲೇ ಹದಿನೆಂಟು ವರ್ಷ ದಾಟಿತ್ತು. ‘ಜೀವಜಾತಿಗಳ ಉಗಮ’ ಅಚ್ಚಾಗಲು ಇನ್ನೂ ನಾಲ್ಕು ವರ್ಷ ಬಾಕಿ.

ಮನೆಯ ಮಕ್ಕಳಿಗೆ ಇದೆಲ್ಲ ವಿಚಿತ್ರ ಅನ್ನಿಸಿರಲಿಕ್ಕಿಲ್ಲ. ಅದಕ್ಕೂ ಹಿಂದಿನ ಎಂಟು ವರ್ಷ ಅಪ್ಪ ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಳ್ಳುವ ಬಾರ್ನಕಲ್ ಎಂಬ ಚಿಪ್ಪುಜೀವಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೊಯ್ಯುತ್ತ ಕೂತದ್ದನ್ನು ಅವು ನೋಡಿದ್ದವು. ಅಪ್ಪಂದಿರು ಅಂದರೆ ಹೀಗೇ ಇರುತ್ತಾರೆ ಎಂದುಕೊಂಡ ಮಗುವೊಂದು ನೆರೆಮನೆಯ ಯಜಮಾನನ ಬಗ್ಗೆ, ‘ಅವರು ತಮ್ಮ ಬಾರ್ನಕಲ್ ಕೆಲಸ ಎಲ್ಲಿ ಕೂತು ಮಾಡುತ್ತಾರೆ?’ ಎಂದು ಕೇಳಿತ್ತಂತೆ. ಈಗ ಉಪ್ಪುನೀರಿನ ಸರದಿ. ಮಕ್ಕಳದು ಒಂದೇ ಪ್ರಶ್ನೆ: ಅಪ್ಪ ಡಾಕ್ಟರ್ ಹುಕರ್‌ರನ್ನು ಸೋಲಿಸುತ್ತಾರಾ?

ಹುಕರ್ ಅಂದರೆ ಸಸ್ಯವಿಜ್ಞಾನಿ ಜೋಸೆಫ್ ಹುಕರ್, ಡಾರ್ವಿನ್ನನ ಆಪ್ತ ಗೆಳೆಯ. ಇಬ್ಬರ ನಡುವಿನ ಪಂದ್ಯ ತಮಾಷೆಯದೇ. ಆದರೆ ಅದರ ಕೆಳಗೆ ಇದ್ದ ಪ್ರಶ್ನೆ ತಮಾಷೆಯದಲ್ಲ. ಅದನ್ನು ಬಿಡಿಸಿ ನೋಡದಿದ್ದರೆ ಈ ಬಾಟಲಿಗಳೆಲ್ಲ ಬರೀ ಹುಚ್ಚಾಟದಂತೆ ಕಾಣುತ್ತವೆ.

ಡಾರ್ವಿನ್ನನ ವಾದದ ಪ್ರಕಾರ ಒಂದು ಜೀವಜಾತಿ ಹುಟ್ಟುವುದು ಒಂದೇ ಕಡೆ, ಒಂದೇ ಸಲ. ಅಲ್ಲಿಂದ ಅದು ಹರಡುತ್ತದೆ, ಹೋದ ಹೋದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತದೆ. ಸರಿ, ಹಾಗಾದರೆ ನಡುಗಡಲಿನ ದ್ವೀಪಗಳಿಗೆ ಗಿಡಮರ ಬಂದದ್ದು ಹೇಗೆ? ಜ್ವಾಲಾಮುಖಿ ಉಕ್ಕಿ ಸಮುದ್ರದಿಂದ ಮೇಲೆದ್ದ ಬೋಳು ಬಂಡೆ ಅದು. ಹತ್ತಿರದ ಭೂಮಿ ಆರುನೂರು ಮೈಲಿಯಾಚೆ. ಆದರೂ ಅಲ್ಲಿ ಹುಲ್ಲಿದೆ, ಪೊದೆಯಿದೆ, ಬಸವನಹುಳುವೂ ಇದೆ. ಹೆಚ್ಚಿನವರು ಆಗ ಕೊಡುತ್ತಿದ್ದ ಉತ್ತರ ಸರಳ: ದೇವರು ಅಲ್ಲೇ ಸೃಷ್ಟಿಸಿದ. ಇದನ್ನು ಒಪ್ಪಿದರೆ ಡಾರ್ವಿನ್ನನ ವಾದ ಅಲ್ಲಿಗೇ ಮುಗಿಯಿತು.

ಇನ್ನೊಂದು ಉತ್ತರ ವಿಜ್ಞಾನಿಗಳದೇ. ಎಡ್ವರ್ಡ್ ಫೋರ್ಬ್ಸ್ ಎಂಬಾತ, ಈ ದ್ವೀಪಗಳು ಒಂದಾನೊಂದು ಕಾಲದಲ್ಲಿ ಖಂಡಕ್ಕೆ ಅಂಟಿಕೊಂಡಿದ್ದವು, ನಡುವಿನ ನೆಲ ಆಮೇಲೆ ಮುಳುಗಿತು ಎಂದ. ಗಿಡಗಳು ನೆಲದ ಮೇಲೇ ನಡೆದುಬಂದವು, ದಾರಿ ಆಮೇಲೆ ಮುಳುಗಿಹೋಯಿತು ಎಂಬ ಲೆಕ್ಕ. ಹುಕರ್‌ಗೂ ಇಂಥ ಊಹೆಯ ಕಡೆ ಒಲವಿತ್ತು. ಡಾರ್ವಿನ್ನನಿಗೆ ಇದರಿಂದ ಮೈಯೆಲ್ಲ ಉರಿ. ಅಡುಗೆಯವಳು ಪ್ಯಾನ್‌ಕೇಕ್ ಹುಯ್ಯುವಷ್ಟು ಸಲೀಸಾಗಿ ಇವರು ಖಂಡಗಳನ್ನು ಮಾಡುತ್ತಾರೆ ಎಂದು ಪತ್ರವೊಂದರಲ್ಲಿ ಗೊಣಗಿದ್ದಾನೆ. ಆದರೆ ಗೊಣಗಿದರೆ ಸಾಕೇ? ನೆಲದ ದಾರಿ ಇರಲಿಲ್ಲ ಎನ್ನುವವನು, ಬೀಜ ಸಮುದ್ರ ದಾಟಬಲ್ಲದು ಎಂದು ತೋರಿಸಬೇಕು. ಉಪ್ಪುನೀರಿನಲ್ಲಿ ಬೀಜ ಎಷ್ಟು ದಿನ ಬದುಕುತ್ತದೆ ಎಂಬ ಪುಟ್ಟ ಲೆಕ್ಕವೂ ಆಗ ಯಾರ ಕೈಯಲ್ಲೂ ಸರಿಯಾಗಿ ಇರಲಿಲ್ಲ.

ಹಾಗೆ ಶುರುವಾದದ್ದು ಬಾಟಲಿಗಳು. ಒಟ್ಟು 87 ಬಗೆಯ ಬೀಜಗಳನ್ನು ನೆನೆಹಾಕಿದ. 28 ದಿನ ಉಪ್ಪುನೀರಿನಲ್ಲಿ ಮುಳುಗಿದ್ದ ಮೇಲೂ 64 ಬಗೆ ಮೊಳೆತವು. ಕೆಲವಂತೂ 137 ದಿನದ ನಂತರವೂ ಜೀವ ಹಿಡಿದುಕೊಂಡಿದ್ದವು. ಬೀಜದ ಹೊರಸಿಪ್ಪೆ ಗಟ್ಟಿಯಾಗಿ, ನೀರು ಒಳಗಿಳಿಯದಂತೆ ತಡೆದರೆ, ಒಳಗಿನ ಮೊಳಕೆ ಉಪ್ಪಿನ ಸಹವಾಸವೇ ಇಲ್ಲದೆ ನಿದ್ದೆ ಮಾಡುತ್ತಿರುತ್ತದೆ. ಬಟಾಣಿಯಂಥವು ಮಾತ್ರ ಕೆಲವೇ ದಿನಕ್ಕೆ ಸತ್ತವು. ಒಟ್ಟಿನಲ್ಲಿ ಮಕ್ಕಳ ಪಂದ್ಯದಲ್ಲಿ ಅಪ್ಪ ಗೆದ್ದ ಹಾಗೇ ಆಯಿತು.

ಆಗ ಯಾರಿಗಾದರೂ ಮೊದಲೇ ಹೊಳೆಯಬಹುದಾಗಿದ್ದ ಒಂದು ತೊಡಕು ಎದುರಾಯಿತು. ಬೀಜಗಳು ತೇಲುತ್ತಿರಲಿಲ್ಲ. ಬದುಕಿದ್ದವು, ನಿಜ. ಆದರೆ ಬಾಟಲಿಯ ತಳದಲ್ಲಿ ಬದುಕಿದ್ದವು. ಸಮುದ್ರದ ತಳ ಸೇರಿದ ಬೀಜ ಎಷ್ಟು ದಿನ ಜೀವ ಹಿಡಿದರೇನು, ದಡ ಕಾಣುವುದಿಲ್ಲವಲ್ಲ. ಈ ಕೃತಘ್ನ ಪೋಕರಿಗಳಿಗೆ ಉಪ್ಪು ಹಾಕಿ ಉಪಚರಿಸಿದ್ದೆಲ್ಲ ವ್ಯರ್ಥವಾಯಿತಲ್ಲ ಎಂಬ ಧಾಟಿಯಲ್ಲಿ ಹುಕರ್‌ಗೆ ಬರೆದ. ಡಾರ್ವಿನ್ ನನಗೆ ಇಷ್ಟವಾಗುವುದು ಇಂಥ ಕಡೆಗಳಲ್ಲೇ. ಗೆದ್ದೆ ಎಂದು ಪ್ರಕಟಿಸಿ ಸುಮ್ಮನಾಗಬಹುದಿತ್ತು. ಬದಲಿಗೆ ತನ್ನ ವಾದದ ತೂತನ್ನು ತಾನೇ, ಅದೂ ಎದುರಾಳಿಗೇ, ಪತ್ರ ಬರೆದು ತೋರಿಸಿದ.

ತೇಲುವುದಕ್ಕೆ ಉಪಾಯ ಹುಡುಕಿದ. ಹಸಿ ಬೀಜ ಮುಳುಗುತ್ತದೆ, ಸರಿ. ಆದರೆ ಪ್ರವಾಹ ಬಂದಾಗ ಹೊಳೆ ಕೊಚ್ಚಿಕೊಂಡು ಹೋಗುವುದು ಬಿಡಿ ಬೀಜವನ್ನಲ್ಲ, ಕಾಯಿಸಮೇತ ಕೊಂಬೆಯನ್ನು. ಅದು ದಡದಲ್ಲಿ ಒಣಗಿ, ಮತ್ತೊಂದು ನೆರೆಗೆ ಸಮುದ್ರ ಸೇರಬಹುದು. ಹೀಗೆಂದುಕೊಂಡು 94 ಗಿಡಗಳ ಕಾಯಿಬಿಟ್ಟ ಕೊಂಬೆಗಳನ್ನು ಒಣಗಿಸಿ ಉಪ್ಪುನೀರಿಗೆ ಬಿಟ್ಟ. ಹೆಚ್ಚಿನವು ಬೇಗ ಮುಳುಗಿದವು. 18 ಮಾತ್ರ 28 ದಿನಕ್ಕೂ ಹೆಚ್ಚು ಕಾಲ ತೇಲಿದವು. ಒಣಗಿಸುವುದರಿಂದ ಆಗುವ ವ್ಯತ್ಯಾಸ ಕೆಲವಕ್ಕೆ ಬೆರಗುಗೊಳಿಸುವಂಥದ್ದು. ಹಸಿ ಹೇಜಲ್ ಕಾಯಿ ಹಾಕಿದ ತಕ್ಷಣ ಮುಳುಗಿತು, ಒಣಗಿದ್ದು 90 ದಿನ ತೇಲಿ, ನೆಟ್ಟರೆ ಮೊಳೆಯಿತು. ಶತಾವರಿಯ ನೆಂಟನಾದ ಆಸ್ಪರಾಗಸ್ ಗಿಡ ಹಣ್ಣುಗಳ ಸಮೇತ ಹಸಿಯಾಗಿದ್ದಾಗ 23 ದಿನ, ಒಣಗಿದಾಗ 85 ದಿನ ತೇಲಿತು. ಒಳಗಿನ ನೀರು ಆರಿಹೋದ ಜಾಗವನ್ನು ಗಾಳಿ ತುಂಬಿಕೊಳ್ಳುತ್ತದೆ, ಅಷ್ಟೇ ಗುಟ್ಟು.

ಇಲ್ಲಿಂದ ಮುಂದಿನದು ಬೇಸಾಯಗಾರನೂ ಕೂತು ಮಾಡಬಹುದಾದ ಲೆಕ್ಕ. 87ರಲ್ಲಿ 64 ಅಂದರೆ ನೂರಕ್ಕೆ ಸುಮಾರು 74 ಬಗೆಗಳು 28 ದಿನ ಉಪ್ಪು ತಾಳುತ್ತವೆ. 94ರಲ್ಲಿ 18 ಅಂದರೆ ನೂರಕ್ಕೆ 19 ಬಗೆಗಳು ಅಷ್ಟು ದಿನ ತೇಲುತ್ತವೆ. ಎರಡೂ ಗುಣ ಒಂದರಲ್ಲೇ ಕೂಡುವುದು ನೂರಕ್ಕೆ 14ರಲ್ಲಿ. ಅಟ್ಲಾಂಟಿಕ್‌ನ ಪ್ರವಾಹಗಳ ಸರಾಸರಿ ವೇಗ ದಿನಕ್ಕೆ 33 ಮೈಲಿ ಎಂದು ಆಗಿನ ಭೂಪಟವೊಂದು ಹೇಳುತ್ತಿತ್ತು. 28 ದಿನಕ್ಕೆ 924 ಮೈಲಿ. ಹೀಗೆ ಒಂದು ದೇಶದ ನೂರು ಬಗೆಯ ಗಿಡಗಳಲ್ಲಿ 14ರ ಬೀಜ 924 ಮೈಲಿ ತೇಲಿಹೋಗಿ, ಗಾಳಿ ಒಂದಿಷ್ಟು ಒಳಕ್ಕೆ ತಳ್ಳಿದರೆ, ಇನ್ನೊಂದು ದೇಶದಲ್ಲಿ ಮೊಳೆಯಬಲ್ಲವು. ಬಾಟಲಿಯ ನೀರಿಗೆ ಅಲೆಯ ಹೊಡೆತ ಇರುವುದಿಲ್ಲ ಎಂಬ ಆಕ್ಷೇಪ ಡಾರ್ವಿನ್ನನಿಗೂ ಗೊತ್ತಿತ್ತು, ಆದರೂ ಅಂದಾಜು ಸಿಕ್ಕಿತಲ್ಲ. ದ್ವೀಪಕ್ಕೆ ದಿನವೂ ಬೀಜ ಬರಬೇಕಾಗಿಲ್ಲ. ಹತ್ತಾರು ಸಾವಿರ ವರ್ಷಕ್ಕೊಂದು ಬೀಜ ಬಂದು ಬೇರೂರಿದರೂ, ಲಕ್ಷಾಂತರ ವರ್ಷಗಳಲ್ಲಿ ದ್ವೀಪ ತುಂಬುತ್ತದೆ.

ತೇಲದ ಬೀಜಗಳ ಗತಿ ಏನು? ಅವಕ್ಕೆ ವಾಹನ ಬೇಕು. ಇಲ್ಲಿಂದ ಡಾರ್ವಿನ್ನನ ಪ್ರಯೋಗಗಳು ನಗು ತರಿಸುವ ಹಂತ ಮುಟ್ಟುತ್ತವೆ. ಮೀನು ಬೀಜ ನುಂಗುತ್ತದೆ, ಆ ಮೀನನ್ನು ಬಕಪಕ್ಷಿ ನುಂಗುತ್ತದೆ, ಬಕ ನೂರು ಮೈಲಿ ಹಾರಿ ಇನ್ನೊಂದು ಕೆರೆಯ ದಂಡೆಯಲ್ಲಿ ಹಿಕ್ಕೆ ಹಾಕುತ್ತದೆ, ಬೀಜ ಅಲ್ಲಿ ಸೊಂಪಾಗಿ ಮೊಳೆಯುತ್ತದೆ. ಇಷ್ಟೂ ಅವನ ಕಲ್ಪನೆಯಲ್ಲಿ ಸಾಂಗವಾಗಿ ನೆರವೇರಿತು. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮೀನುಗಳಿಗೆ ನೆನೆದ ಬೀಜ ಹಾಕಿಸಿದ. ಮೀನುಗಳು ಬಾಯಿಗೇನೋ ತೆಗೆದುಕೊಂಡವು. ಮರುಕ್ಷಣವೇ ಅಷ್ಟನ್ನೂ ಥೂ ಎಂದು ಉಗಿದವು. ನನಗಾದಷ್ಟೇ ಜಿಗುಪ್ಸೆ ಅವಕ್ಕೂ ಆಯಿತು ಎಂದು ಹಳೆಯ ಗೆಳೆಯ, ಪಾದ್ರಿ ವಿಲಿಯಂ ಫಾಕ್ಸ್‌ಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾನೆ.

ಬಿಟ್ಟನೇ? ಇಲ್ಲ. ಸತ್ತ ಮೀನಿನ ಹೊಟ್ಟೆಗೆ ತಾನೇ ಬೀಜ ತುರುಕಿ, ಅವನ್ನು ಮೀನುಹದ್ದು, ಕೊಕ್ಕರೆ, ಹೆಜ್ಜಾರ್ಲೆಗಳಿಗೆ ತಿನ್ನಿಸಿದ. ಹಕ್ಕಿಗಳು ಎಷ್ಟೋ ಗಂಟೆಗಳ ಬಳಿಕ ಕೆಲವನ್ನು ಉಂಡೆ ಕಟ್ಟಿ ಕಕ್ಕಿದವು, ಕೆಲವನ್ನು ಹಿಕ್ಕೆಯಲ್ಲಿ ಹೊರಹಾಕಿದವು. ಅವುಗಳಲ್ಲಿ ಹಲವು ಮೊಳೆತವು. ತನ್ನ ತೋಟದಲ್ಲಿ ಎರಡು ತಿಂಗಳು ಸಣ್ಣ ಹಕ್ಕಿಗಳ ಹಿಕ್ಕೆ ಕೆದಕಿ 12 ಬಗೆಯ ಬೀಜ ಹೆಕ್ಕಿದ್ದೂ ಇದೇ ಹುಕಿಯಲ್ಲಿ.

ಇದೆಲ್ಲದರಲ್ಲಿ ನನಗೆ ಅತಿ ಮೆಚ್ಚುಗೆಯಾದ ಸಲಹೆ ಬಂದದ್ದು ವಿಜ್ಞಾನಿಯಿಂದಲ್ಲ. ಎಂಟು ವರ್ಷದ ಮಗ ಫ್ರಾನ್ಸಿಸ್, ಮನೆಯಲ್ಲಿ ಫ್ರ್ಯಾಂಕಿ, ಒಂದು ದಿನ ಅಪ್ಪನಿಗೆ ಕೇಳಿದ: ಕಾಳು ತಿಂದ ಹಕ್ಕಿ ಗಿಡುಗಕ್ಕೋ ಸಿಡಿಲಿಗೋ ಸಿಕ್ಕಿ ಸತ್ತು ಸಮುದ್ರಕ್ಕೆ ಬಿದ್ದರೆ, ಹೆಣ ತೇಲಿಕೊಂಡು ಹೋಗಬಾರದೇಕೆ? ಅಪ್ಪ ತಡಮಾಡಲಿಲ್ಲ. ಪಾರಿವಾಳವೊಂದರ ಹೆಣವನ್ನು 30 ದಿನ ಉಪ್ಪುನೀರಿನಲ್ಲಿ ತೇಲಲು ಬಿಟ್ಟ. ಆ ಮನೆಯ ಹೆಂಗಸರು ಏನೆಂದರೋ ದಾಖಲೆಯಿಲ್ಲ, ಊಹಿಸುವುದು ಕಷ್ಟವಲ್ಲ. ತಿಂಗಳ ನಂತರ ಹಕ್ಕಿಯ ಗಂಟಲ ಕೆಳಗಿನ ಕಾಳಿನ ಚೀಲ ಸೀಳಿ ಬೀಜ ತೆಗೆದು ನೆಟ್ಟರೆ ಹೆಚ್ಚುಕಡಿಮೆ ಎಲ್ಲವೂ ಮೊಳೆತವು. ಬರೀ ಉಪ್ಪುನೀರಿನಲ್ಲಿ ಕೆಲವೇ ದಿನಕ್ಕೆ ಸಾಯುವ ಬಟಾಣಿಯೂ ಹಕ್ಕಿಯ ಹೊಟ್ಟೆಯಲ್ಲಿ ತಿಂಗಳು ಕಳೆದು ಬದುಕಿತ್ತು. ಹಕ್ಕಿಯ ಹೆಣವೇ ಅದಕ್ಕೆ ದೋಣಿ.

ಮುಂದೆ ಕಾಲಿಗೆ ಅಂಟುವ ಕೆಸರಿನ ಕಡೆ ಗಮನ ಹೊರಳಿತು. ಫೆಬ್ರವರಿ ತಿಂಗಳಲ್ಲಿ ಒಂದು ಪುಟ್ಟ ಕೊಳದ ಅಂಚಿನ ಮೂರು ಕಡೆಗಳಿಂದ ನೀರಿನಡಿಯ ಕೆಸರನ್ನು ಮೂರು ದೊಡ್ಡ ಚಮಚದಷ್ಟು ತಂದ. ಒಣಗಿದ ಮೇಲೆ ಅದರ ತೂಕ ಆರೂಮುಕ್ಕಾಲು ಔನ್ಸ್, ಅಂದರೆ ಇನ್ನೂರು ಗ್ರಾಂ ಕೂಡ ಇಲ್ಲ. ಅದನ್ನು ತನ್ನ ಓದುವ ಕೋಣೆಯಲ್ಲೇ ಮುಚ್ಚಿಟ್ಟು, ಮೊಳೆತ ಒಂದೊಂದು ಸಸಿಯನ್ನೂ ಕಿತ್ತು ಎಣಿಸುತ್ತ ಆರು ತಿಂಗಳು ಕಳೆದ. ಬಂದ ಸಸಿಗಳು 537. ಆ ಅಂಟುಕೆಸರು ಅಷ್ಟೂ ಬೆಳಗಿನ ತಿಂಡಿಯ ಹೊತ್ತಿನ ಒಂದು ಕಪ್ಪಿನಲ್ಲಿ ಹಿಡಿಸುತ್ತಿತ್ತು! ಕೊಳದಿಂದ ಕೊಳಕ್ಕೆ ಹಾರುವ ಬಾತುಕೋಳಿಯ ಬೆರಳಸಂದಿಯಲ್ಲಿ ಅದರ ನೂರನೇ ಒಂದು ಪಾಲು ಅಂಟಿದರೂ ಐದು ಗಿಡ ಪ್ರಯಾಣ ಹೊರಟಂತೆ.

ಇದೇ ಜಾಡಿನಲ್ಲಿ, ಕೊಳದ ಬಸವನಹುಳುಗಳ ಮೊಟ್ಟೆ ಒಡೆಯುತ್ತಿದ್ದ ತೊಟ್ಟಿಯೊಂದರಲ್ಲಿ ಬಾತುಕೋಳಿಯ ಪಾದಗಳನ್ನು ಇಳಿಬಿಟ್ಟ. ಆಗಷ್ಟೇ ಹುಟ್ಟಿದ, ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಚಿಕ್ಕ ಹುಳುಗಳು ಪಾದಕ್ಕೆ ಹತ್ತಿಕೊಂಡವು. ಹೊರತೆಗೆದು ಕೊಡವಿದರೂ ಬೀಳಲಿಲ್ಲ. ತೇವದ ಗಾಳಿಯಲ್ಲಿ 12ರಿಂದ 20 ಗಂಟೆ ಬದುಕಿದವು. ಅಷ್ಟು ಹೊತ್ತಿನಲ್ಲಿ ಬಾತು ಆರೇಳುನೂರು ಮೈಲಿ ಹಾರಬಲ್ಲದು ಎಂಬುದು ಅವನ ಅಂದಾಜು.

ಕೆಂಗಾಲಿನ ಕವುಜುಗದ ಕಥೆ ಇನ್ನೂ ಸೊಗಸು. ಪಕ್ಷಿವಿಜ್ಞಾನಿ ಆಲ್ಫ್ರೆಡ್ ನ್ಯೂಟನ್ ಅವನಿಗೆ ಗಾಯಗೊಂಡ ಕವುಜುಗದ ಒಂದು ಕಾಲು ಕಳಿಸಿದ. ಅದಕ್ಕೆ ಗಟ್ಟಿಯಾದ ಮಣ್ಣಿನ ಉಂಡೆ ಕಚ್ಚಿಕೊಂಡಿತ್ತು, ತೂಕ ಆರೂವರೆ ಔನ್ಸ್. ಆ ಉಂಡೆ ಮೂರು ವರ್ಷ ಹಾಗೇ ಬಿದ್ದಿತ್ತು. ಆಮೇಲೆ ಪುಡಿಮಾಡಿ, ನೀರು ಹಾಕಿ, ಗಂಟೆಯಾಕಾರದ ಗಾಜಿನ ಮುಚ್ಚಳ ಮುಚ್ಚಿಟ್ಟರೆ 82 ಸಸಿಗಳು ಎದ್ದವು. ಮಿಡತೆಗಳನ್ನೂ ಬಿಡಲಿಲ್ಲ. ಆಫ್ರಿಕಾದ ನಟಾಲ್‌ನಿಂದ ಪೊಟ್ಟಣದಲ್ಲಿ ಬಂದ ಮಿಡತೆಯ ಒಣ ಹಿಕ್ಕೆಯಿಂದ ಏಳು ಹುಲ್ಲಿನ ಸಸಿಗಳನ್ನು ಎಬ್ಬಿಸಿದ.

ಇಷ್ಟೆಲ್ಲ ಆದರೂ ಎದುರಾಳಿ ಒಂದು ಮಾತು ಹೇಳಬಹುದು: ಬೀಜ ದಾಟಬಲ್ಲದು ಎಂದು ತೋರಿಸಿದೆ, ದಾಟಿತು ಎಂದು ತೋರಿಸಲಿಲ್ಲವಲ್ಲ. ಈ ಪ್ರಶ್ನೆಗೆ ಡಾರ್ವಿನ್ ಕೊಟ್ಟ ಉತ್ತರ ಅವನ ಇಡೀ ವಾದದ ಅತ್ಯಂತ ಜಾಣ ಭಾಗ ಎಂದು ನನಗನ್ನಿಸುತ್ತದೆ. ದ್ವೀಪದಲ್ಲಿ ಯಾರಿದ್ದಾರೆ ಎಂದು ನೋಡುವುದರ ಜೊತೆಗೆ, ಯಾರಿಲ್ಲ ಎಂದೂ ಅವನು ನೋಡಿದ.

ನಡುಗಡಲಿನ ದ್ವೀಪಗಳಲ್ಲಿ ಕಪ್ಪೆಯಿಲ್ಲ. ಜಾಗ ಹೊಂದದು ಎಂದಲ್ಲ. ಮಡೀರಾ, ಅಜೋರ್ಸ್, ಮಾರಿಷಸ್‌ಗಳಿಗೆ ಮನುಷ್ಯರು ಕಪ್ಪೆ ತಂದುಬಿಟ್ಟಾಗ ಅವು ಕಾಟವೆನಿಸುವಷ್ಟು ಹೆಚ್ಚಿದವು. ಹಾಗಾದರೆ ಮೊದಲೇ ಏಕೆ ಇರಲಿಲ್ಲ? ಕಪ್ಪೆಯೂ ಅದರ ಮೊಟ್ಟೆಯೂ ಉಪ್ಪುನೀರು ತಾಗಿದರೆ ಸಾಯುತ್ತವೆ. ಖಂಡದಿಂದ ಮುನ್ನೂರು ಮೈಲಿಗಿಂತ ದೂರದ ದ್ವೀಪಗಳಲ್ಲಿ ನೆಲದ ಮೇಲೆ ಓಡಾಡುವ, ಅಲ್ಲಿನದೇ ಆದ ಸಸ್ತನಿಗಳಿದ್ದ ನಂಬಲರ್ಹ ಉದಾಹರಣೆ ಒಂದೂ ಅವನಿಗೆ ಸಿಗಲಿಲ್ಲ. ಬಾವಲಿಗಳು ಮಾತ್ರ ಇದ್ದವು. ಅವುಗಳಿಗೆ ರೆಕ್ಕೆಯಿದೆ. ಸೃಷ್ಟಿಕರ್ತನೇ ದ್ವೀಪಗಳನ್ನು ತುಂಬಿದ್ದರೆ ಬಾವಲಿ ಮಾಡಿ ಬೇರೆ ಸಸ್ತನಿಯನ್ನೇಕೆ ಮಾಡಲಿಲ್ಲ? ನೆಲದ ಸೇತುವೆಯೇ ಇದ್ದಿದ್ದರೆ ಕಪ್ಪೆ ಕುಪ್ಪಳಿಸಿಕೊಂಡು, ಇಲಿ ಓಡಿಕೊಂಡು ಬರುತ್ತಿರಲಿಲ್ಲವೇ? ದ್ವೀಪದ ಹಾಜರಿ ಪುಸ್ತಕದಲ್ಲಿ ಇರುವವರೆಲ್ಲ ತೇಲಬಲ್ಲವರು, ಹಾರಬಲ್ಲವರು, ಇನ್ನೊಬ್ಬರ ಕಾಲು ಹಿಡಿದು ಬರಬಲ್ಲವರು. ಗೈರುಹಾಜರಾದವರೆಲ್ಲ ಸಮುದ್ರ ದಾಟಲಾರದವರು. ಬಾಟಲಿ, ಬಾತು, ಪಾರಿವಾಳಗಳೆಲ್ಲ ಅರ್ಥವಾಗುವುದು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಾಗ.

ದ್ವೀಪಗಳೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಗಲಪಗೊಸ್. 1835ರಲ್ಲಿ ಡಾರ್ವಿನ್ ಅಲ್ಲಿದ್ದದ್ದು ಐದೇ ವಾರ. ಫಿಂಚ್ ಹಕ್ಕಿಗಳ ಕೊಕ್ಕು ನೋಡಿ ಅಲ್ಲೇ ಜ್ಞಾನೋದಯವಾಯಿತು ಎಂಬ ಕಥೆ ಎಷ್ಟು ಸಲ ಕೇಳಿದ್ದೇವೋ. ವಾಸ್ತವವಾಗಿ ಯಾವ ಫಿಂಚ್ ಯಾವ ದ್ವೀಪದ್ದೆಂದು ಬಹುಪಾಲಿಗೆ ಚೀಟಿಯನ್ನೇ ಅಂಟಿಸಿರಲಿಲ್ಲ ಪುಣ್ಯಾತ್ಮ. ಆಮೆ ನೋಡಿದರೆ ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಅಲ್ಲಿನ ಉಪಗವರ್ನರ್ ನಿಕೊಲಸ್ ಲಾಸನ್ ಹೇಳಿದಾಗಲೂ ಆ ಮಾತನ್ನು ಕೂಡಲೇ ತಲೆಗೆ ಹಾಕಿಕೊಳ್ಳಲಿಲ್ಲ. ಹಡಗಿಗೆ ಹೇರಿಕೊಂಡ ಆಮೆಗಳನ್ನು ತಿಂದು, ಸಾಕ್ಷ್ಯವಾಗಬಹುದಾಗಿದ್ದ ಚಿಪ್ಪುಗಳನ್ನು ಸಮುದ್ರಕ್ಕೆ ಎಸೆದರು. 1837ರಲ್ಲಿ ಪಕ್ಷಿತಜ್ಞ ಜಾನ್ ಗೂಲ್ಡ್ ಇವೆಲ್ಲ ಬೇರೆ ಬೇರೆ ಜಾತಿಗಳು ಎಂದಾಗ, ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ತನ್ನದೇ ಸೇವಕ ಸಿಮ್ಸ್ ಕೋವಿಂಗ್ಟನ್ ಚೀಟಿ ಹಚ್ಚಿ ಕೂಡಿಟ್ಟಿದ್ದ ಹಕ್ಕಿಗಳ ಮೊರೆಹೋಗಬೇಕಾಯಿತು. ಮುಂದೆ ಪ್ರತಿ ಸಸಿಯನ್ನೂ ಕಿತ್ತು ಎಣಿಸಿದವನು ಇವನೇ. ಆ ಎಣಿಕೆಯ ಹಿಂದೆ ಈ ಪೆಟ್ಟಿನ ನೆನಪೂ ಇದ್ದೀತು ಎಂದು ನನ್ನ ಗುಮಾನಿ.

ಎಲ್ಲದರಲ್ಲೂ ಅವನೇ ಸರಿ ಎಂದೇನಲ್ಲ. ಖಂಡಗಳು ಒಂದೇ ಕಡೆ ಕೂತಿರುತ್ತವೆ ಎಂದೇ ಅವನೂ ನಂಬಿದ್ದ. ಅವು ಸರಿದಾಡುತ್ತವೆ ಎಂದು ಜರ್ಮನಿಯ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ ವಾದಿಸಿದ್ದು 1912ರಲ್ಲಿ. ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳು ಒಮ್ಮೆ ಕೂಡಿಕೊಂಡೇ ಇದ್ದವು ಎಂಬುದು ಈಗ ಸ್ಥಿರಪಟ್ಟಿದೆ. ಅಲ್ಲಿಗೆ ಹುಕರ್‌ನ ಹಟದಲ್ಲೂ ಹುರುಳಿತ್ತು. ಆದರೆ ಕಡಲಿನಿಂದ ಎದ್ದ ಜ್ವಾಲಾಮುಖಿ ದ್ವೀಪಗಳ ವಿಷಯದಲ್ಲಿ ಬಾಟಲಿಗಳೇ ಗೆದ್ದವು. 1963ರಲ್ಲಿ ಐಸ್‌ಲ್ಯಾಂಡ್ ಬಳಿ ಸರ್ಟ್‌ಸೀ ಎಂಬ ಹೊಸ ದ್ವೀಪ ಜನರ ಕಣ್ಣೆದುರೇ ಕಡಲಿನಿಂದ ಎದ್ದಿತು. ಎರಡೇ ವರ್ಷದಲ್ಲಿ ಅದರ ಬೂದಿಮರಳಿನಲ್ಲಿ ಮೊದಲ ಗಿಡ ಕಾಣಿಸಿತು. ಅದು ಸೀ ರಾಕೆಟ್ ಎಂಬ ಕಡಲದಂಡೆಯ ಸಸ್ಯ, ಎಲೆಕೋಸು ಮೂಲಂಗಿಗಳ ಕುಲದ್ದು, ಅದರ ಬೀಜ ಸಮುದ್ರದ ಮೇಲೆ ತೇಲಿಯೇ ಬರುತ್ತದೆ.

ಈ ಗೀಳು ಡಾರ್ವಿನ್ನನನ್ನು ಕೊನೆಯವರೆಗೂ ಬಿಡಲಿಲ್ಲ. 1882ರ ಫೆಬ್ರವರಿಯಲ್ಲಿ ನಾರ್ತಾಂಪ್ಟನ್ ಊರಿನಿಂದ ಒಂದು ಪತ್ರ ಬಂತು. ಬರೆದವನು ಬೂಟು ತಯಾರಿಕೆಯ ಉದ್ಯಮಿ, ಬಿಡುವಿನಲ್ಲಿ ಹುಳುಹುಪ್ಪಟೆ ನೋಡುವ ಹವ್ಯಾಸಿ. ಹೆಸರು ವಾಲ್ಟರ್ ಡ್ರಾಬ್ರಿಜ್ ಕ್ರಿಕ್. ಕೊಳದಲ್ಲಿ ಒಂದು ನೀರುಜೀರುಂಡೆ ಸಿಕ್ಕಿದೆ, ಅದರ ಕಾಲನ್ನು ಪುಟ್ಟದೊಂದು ಕಪ್ಪೆಚಿಪ್ಪು ಕಚ್ಚಿ ಹಿಡಿದಿದೆ ಎಂದು ಆತ ತಿಳಿಸಿದ್ದ. ನೀರುಜೀರುಂಡೆ ಹಾರಬಲ್ಲದು. ಕಪ್ಪೆಚಿಪ್ಪು ಕೊಳದಿಂದ ಕೊಳಕ್ಕೆ ಹೇಗೆ ಹೋಗುತ್ತದೆ ಎಂಬ ಇಪ್ಪತ್ತೈದು ವರ್ಷದ ಪ್ರಶ್ನೆಗೆ ಉತ್ತರ ಕಾಲಿಗೆ ಕಚ್ಚಿಕೊಂಡೇ ಬಂದಿತ್ತು. 73ರ ಮುದುಕ ಉತ್ಸಾಹದಿಂದ ಪ್ರಶ್ನೆಗಳ ಮಳೆ ಸುರಿಸಿದ. ಕ್ರಿಕ್ ಜೀರುಂಡೆಯನ್ನೂ ಚಿಪ್ಪನ್ನೂ ಅಂಚೆಯಲ್ಲೇ ಕಳಿಸಿಕೊಟ್ಟ. ಏಪ್ರಿಲ್ 6ರ ‘ನೇಚರ್’ ಪತ್ರಿಕೆಯಲ್ಲಿ ಡಾರ್ವಿನ್ನನ ಟಿಪ್ಪಣಿ ಅಚ್ಚಾಯಿತು. ಏಪ್ರಿಲ್ 19ರಂದು ಅವನು ತೀರಿಕೊಂಡ. ಆ ಬೂಟು ತಯಾರಕನ ಮೊಮ್ಮಗ ಫ್ರಾನ್ಸಿಸ್ ಕ್ರಿಕ್ 1953ರಲ್ಲಿ ಜೇಮ್ಸ್ ವಾಟ್ಸನ್ ಜೊತೆಗೂಡಿ ಡಿಎನ್ಎ ರಚನೆಯನ್ನು ಬಿಡಿಸಿಟ್ಟ.

ಅಂಚೆಯಲ್ಲಿ ಬಂದ ಜೀರುಂಡೆ ಡಾರ್ವಿನ್ನನ ಮನೆ ತಲುಪಿದಾಗ ಇನ್ನೂ ಕ್ಷೀಣವಾಗಿ ಮಿಸುಕುತ್ತಿತ್ತು. ಅವನು ಅದನ್ನು ಹೆಚ್ಚಿದ ಲಾರೆಲ್ ಎಲೆಗಳಿದ್ದ ಬಾಟಲಿಯೊಂದಕ್ಕೆ ಹಾಕಿದ. ಆ ಎಲೆಗಳಿಂದ ಹೊಮ್ಮುವ ವಿಷದ ಹಬೆಗೆ ಹುಳು ಬೇಗ ಸಾಯುತ್ತದೆ. ಬಡಪಾಯಿ ನರಳದೆ ಸಾಯಲಿ ಎಂದು ಹೀಗೆ ಮಾಡಿದ್ದೇನೆ, ಎಂದು ಕ್ರಿಕ್‌ಗೆ ಬರೆದು ತಿಳಿಸಿದ.